ನನ್ನ ಪ್ರವಾಸಕ್ಕೆ ಅವರು ಹೋಗಿಬಂದರು

ನನ್ನ ಗೆಳೆಯ ನನ್ನನ್ನು ಬಿಟ್ಟು ಅರಕು ಕಣಿವೆಗೆ ಹೋಗಿದ್ದಾನೆ ಎಂದು ನನಗೆ ಹೇಳಿದವನು, ನಾನು ಒಮ್ಮೆಯೂ ಮುಖ ನೋಡಿರದ ಒಬ್ಬ ಮನುಷ್ಯ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೇಳಿ ನಾನು ಸಂತೋಷಪಡುತ್ತೇನೆ ಅಂದುಕೊಂಡೇ ಅವನು ಹೇಳಿದ್ದು.

ನಾನೂ ಗೆಳೆಯನೂ ಗದಗ ಕಡೆಯವರು, ಒಂದೇ ಬ್ಯಾಂಕಿನವರು. ಕೆಲಸಕ್ಕೆ ಸೇರಿದ್ದು ಒಂದೇ ಶಾಖೆಯಲ್ಲಿ, ಎದುರುಬದುರು ಮೇಜು. ಆಮೇಲೆ ಬಡ್ತಿ, ವರ್ಗಾವಣೆ ಅಂತ ಊರೂರು ಸುತ್ತಿ, ತಲೆಗೂದಲು ಬೆಳ್ಳಗಾಗುವ ಹೊತ್ತಿಗೆ ಇಬ್ಬರೂ ಆಂಧ್ರಕ್ಕೆ ಬಂದು ಬಿದ್ದೆವು. ಅವನು ವಿಜಯವಾಡದಲ್ಲಿ ಒಂದು ಶಾಖೆಯ ಮ್ಯಾನೇಜರ್. ನಾನು ವಿಶಾಖಪಟ್ಟಣದ ವಲಯ ಕಚೇರಿಯಲ್ಲಿ ತಪಾಸಣೆ ವಿಭಾಗದವನು. ಬೇರೆಯವರ ಕೆಲಸದಲ್ಲಿ ಎಲ್ಲಿ ಏನು ಕೆಡಬಹುದು ಎಂದು ಮುಂಚೆಯೇ ಯೋಚಿಸುವುದು ನನ್ನ ಹುದ್ದೆ. ಹುಟ್ಟಿದಾಗಿನಿಂದ ಪುಕ್ಕಟೆ ಮಾಡಿಕೊಂಡು ಬಂದ ಕೆಲಸಕ್ಕೆ ಸಂಬಳ ಕೊಡುವವರು ಸಿಕ್ಕಿದರು ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ.

ಬ್ಯಾಂಕಿನಲ್ಲಿ ಒಂದು ಪದ್ಧತಿಯಿದೆ. ಯಾವ ವ್ಯವಹಾರವೂ ಒಬ್ಬನ ಕೈಯಲ್ಲೇ ಮುಗಿಯುವುದಿಲ್ಲ. ಒಬ್ಬ ಕಂಪ್ಯೂಟರಿಗೆ ಹಾಕಬೇಕು, ಇನ್ನೊಬ್ಬ ನೋಡಿ ಪಾಸು ಮಾಡಬೇಕು. ಹಳೆಯ ಶಾಖೆಯಲ್ಲಿ ಅವನು ಹಾಕುವವನು, ನಾನು ನೋಡುವವನು. ಅದು ಕಚೇರಿ ಬಿಟ್ಟ ಮೇಲೂ ನಮ್ಮನ್ನು ಬಿಡಲಿಲ್ಲ. ಅವನು ಮೊದಲ ಸ್ಕೂಟರ್ ಕೊಳ್ಳುವಾಗ ಚಕ್ರ ಒದ್ದು ನೋಡಿದವನು ನಾನು. ಹೆಣ್ಣು ನೋಡಲು ಹೊರಟಾಗ ಜೊತೆಗೆ ಹೋಗಿ, ಉಪ್ಪಿಟ್ಟು ತಿಂದು, ಹೆಣ್ಣಿನ ಅಪ್ಪನಿಗೆ ಮನೆಯ ಮೇಲೆ ಸಾಲವಿದೆಯೋ ಎಂದು ವಿಚಾರಿಸಿಬಂದವನೂ ನಾನೇ. ಸಾಲವಿರಲಿಲ್ಲ. ಮದುವೆಯಾಯಿತು. ಆ ಹೆಣ್ಣುಮಗಳು ಇವತ್ತಿಗೂ ನನ್ನನ್ನು ಅಣ್ಣಾರ ಎನ್ನುತ್ತಾಳೆ, ಆದರೆ ಆ ಉಪ್ಪಿಟ್ಟನ್ನು ಮರೆತಿಲ್ಲ.

ಇಲ್ಲಿಗೆ ಬಂದ ಮೇಲೆ ಅವನು ನನಗೆ ಇನ್ನಷ್ಟು ಬೇಕಾದವನಾದ. ದಿನವಿಡೀ ಕಚೇರಿಯಲ್ಲಿ ‘ಚೆಪ್ಪಂಡಿ’, ‘ಕೂರ್ಚೋಂಡಿ’, ಫೋನಿನಲ್ಲಿ ಇಂಗ್ಲಿಷು, ಹಾಲಿನವನ ಹತ್ತಿರ ಅರ್ಧ ತೆಲುಗು ಅರ್ಧ ಕೈಸನ್ನೆ. ಸಂಜೆ ಅವನಿಗೆ ಫೋನು ಹಚ್ಚಿ ‘ಏನ್ಲೇ’ ಅಂದರೆ ನಾಲಗೆ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಹಾಗೆ ಆಗುತ್ತಿತ್ತು. ಈ ರಾಜ್ಯದಲ್ಲಿ ನನ್ನನ್ನು ‘ಲೇ’ ಅನ್ನುವ ಒಬ್ಬನೇ ಒಬ್ಬ ಮನುಷ್ಯ ಅವನು. ನಡುವಯಸ್ಸಿನಲ್ಲಿ ಅಂಥವರು ಹೊಸದಾಗಿ ಸಿಗುವುದಿಲ್ಲ. ಇದ್ದವರನ್ನು ಕಾಪಾಡಿಕೊಳ್ಳಬೇಕು. ಹಾಗಾಗಿ ಅವನ ರಕ್ತದೊತ್ತಡದ ಬಗ್ಗೆಯೂ ನಾನೇ ಚಿಂತೆ ಮಾಡುತ್ತಿದ್ದೆ.

ಮಳೆಗಾಲ ಶುರುವಾದಾಗ ಒಂದು ಸಂಜೆ ಅವನೇ ಫೋನು ಮಾಡಿದ.

“ಲೇ, ಗಾಡಿ ತಗೊಂಡೆ.”

“ಇದ್ದ ಕಾರಿಗೆ ಏನಾತು?”

“ಕಾರಲ್ಲಲೇ. ಹಳೇ ಟೆಂಪೋ ಟ್ರಾವೆಲರ್. ಆಟೋನಗರ್‌ನಾಗ ಬಿಟ್ಟೀನಿ. ಸೀಟು ಕಿತ್ತಿಸಿ ಒಳಗ ಮನಿ ಮಾಡಸ್ತೀನಿ. ಹಾಸಿಗಿ, ಒಲಿ, ನೀರಿನ ಟಾಕಿ, ಎಲ್ಲಾ. ಕ್ಯಾರವಾನ್ ಅಂತಾರಲ್ಲ, ಅದು. ನಾವು ನಾಕೂ ಮಂದಿ ಹೋಗೋಣು. ಅರಕು, ಪಾಡೇರು, ಲಂಬಸಿಂಗಿ. ಬೆಟ್ಟ ಏರಿದ್ರ ಮ್ಯಾಲೆ ಬಯಲು ಐತಿ, ತಣ್ಣಗ. ಎಲ್ಲಿ ಮನಸ್ಸು ಬಂತು ಅಲ್ಲೇ ನಿಲ್ಲಿಸೂದು, ಅಲ್ಲೇ ಮಲಗೂದು.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಆಮೇಲೆ, “ಗಾಡಿ ಒಳಗ ಬದಲಿ ಮಾಡಿಸಿದ್ರ ಆರ್‌ಸಿಯಾಗ ಬರಸಬೇಕಾಗತೈತಿ. ಆರ್‌ಟಿಒ ಒಪ್ಪಿಗಿ ತಗೊಂಡೀಯೇನು?” ಎಂದೆ.

“ನೋಡು,” ಎಂದ ಅವನು, “ಅದಕ್ಕ ನಿನಗ ಫೋನ್ ಮಾಡಿದ್ದು.”

ಈ ಮಾತನ್ನು ನಾನು ನಂಬಿದೆ. ನನ್ನ ಅನುಮಾನಗಳನ್ನು ಕೇಳಲೆಂದೇ ಒಬ್ಬ ಮನುಷ್ಯ ದೂರದೂರಿಂದ ಫೋನು ಮಾಡುತ್ತಾನೆಂದರೆ ನನ್ನಂಥವನಿಗೆ ಇನ್ನೇನು ಬೇಕು.

ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಉಳಿದ ಅಧಿಕಾರಿಗಳು ಆ ದಿನ ಕಡಲತೀರಕ್ಕೆ ಹೋಗುತ್ತಾರೆ, ನಿದ್ದೆ ಮಾಡುತ್ತಾರೆ. ನಾನು ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋಗತೊಡಗಿದೆ. ಅವನು ನಿಲ್ದಾಣದ ಹೊರಗೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಇಬ್ಬರೂ ನೇರ ಆಟೋನಗರ್‌ಗೆ. ಅಲ್ಲಿ ರಸ್ತೆಯ ಎರಡೂ ಬದಿಗೆ ಬರೀ ಗಾಡಿಗಳ ಅಸ್ಥಿಪಂಜರ. ಲಾರಿಯ ತಲೆ ಒಂದು ಕಡೆ, ಮೈ ಒಂದು ಕಡೆ. ವೆಲ್ಡಿಂಗಿನ ಕಿಡಿ, ಪೇಂಟಿನ ವಾಸನೆ, ಸುತ್ತಿಗೆ ಪೆಟ್ಟು. ನಮ್ಮ ಗಾಡಿ ಒಂದು ತಗಡಿನ ಷೆಡ್ಡಿನೊಳಗೆ ಬಾಗಿಲು ಕಳಚಿಕೊಂಡು ನಿಂತಿತ್ತು. ‘ನಮ್ಮ ಗಾಡಿ’ ಎಂದು ಬರೆದೆ. ಆಗ ಹಾಗೇ ಅನ್ನುತ್ತಿದ್ದೆ.

ನಾನು ಅದರೊಳಗೆ ಬೋರಲು ಹಾಕಿದ ಪೇಂಟಿನ ಡಬ್ಬಿಯ ಮೇಲೆ ಕೂತು ಕಷ್ಟಗಳನ್ನು ಯೋಚಿಸುತ್ತಿದ್ದೆ. ಗ್ಯಾಸ್ ಸಿಲಿಂಡರ್ ಹಾಸಿಗೆಯ ತಲೆದೆಸೆಗೆ ಬರುತ್ತದೆ, ಬೇಡ, ಹಿಂದಿನ ಬಾಗಿಲ ಹತ್ತಿರ ಇರಲಿ. ಗ್ಯಾಸು ಸೋರಿದರೆ ಕೆಳಗೆ ಇಳಿಯುತ್ತದೆ, ನೆಲಕ್ಕೆ ಹತ್ತಿ ಎರಡು ಕಿಂಡಿ ಬೇಕು. ಕಿಂಡಿ ಮಾಡಿದರೆ ಹಾವು ಬರುತ್ತದೆ, ಜಾಳಿಗೆ ಬೇಕು. ನೀರಿನ ಟಾಕಿ ಮೇಲಿದ್ದರೆ ಘಾಟಿಯ ತಿರುವಿನಲ್ಲಿ ಗಾಡಿ ವಾಲುತ್ತದೆ, ಕೆಳಗೆ ಹಾಕು. ಷೆಡ್ಡಿನ ಮೇಸ್ತ್ರಿ ನಾನು ಬರುವುದನ್ನು ನೋಡಿದೊಡನೆ ಕೆಲಸದವರಿಗೆ “ಇನ್ಸ್‌ಪೆಕ್ಟರ್ ಗಾರು ವಚ್ಚಾರು” ಎನ್ನುತ್ತಿದ್ದ, ಸಾಹೇಬರು ಬಂದರು ಅಂತ. ಎಲ್ಲರೂ ಒಂದು ಕ್ಷಣ ಸುತ್ತಿಗೆ ನಿಲ್ಲಿಸುತ್ತಿದ್ದರು. ಅದನ್ನು ನಾನು ಗೌರವ ಅಂದುಕೊಂಡಿದ್ದೆ.

ಗೆಳೆಯ ಮಾತ್ರ ಎಲ್ಲದಕ್ಕೂ “ಆತು” ಅನ್ನುತ್ತಿದ್ದ. ನಾನು ಹೇಳಿದ್ದೆಲ್ಲ ಮುಂದಿನ ಶನಿವಾರದೊಳಗೆ ಆಗಿರುತ್ತಿತ್ತು. ಗಾಡಿಯ ಬಣ್ಣವನ್ನೂ ನಾನೇ ಆರಿಸಿದ್ದು, ಮಂಜಿನಲ್ಲಿ ದೂರಕ್ಕೆ ಕಾಣಲಿ ಅಂತ ಮೊಟ್ಟೆಯ ಹಳದಿ. ಅವನ ಹೆಂಡತಿ ಅದನ್ನು ನೋಡಿ, “ಅಣ್ಣಾರ, ಇದು ಸಾಲಿ ಬಸ್ಸಿನಂಗ ಕಾಣತೈತ್ರಿ” ಎಂದಳು. ಶಾಲೆ ಬಸ್ಸಿಗೆ ಯಾರೂ ಗುದ್ದುವುದಿಲ್ಲ ಎಂದು ನಾನು ಅವಳಿಗೆ ವಿವರಿಸಿದೆ.

ಗಾಡಿ ಅವನದಾಯಿತು, ಜಾಗ ನನ್ನದು. ಅರಕು ಹತ್ತಿರ ಕಾಫಿ ತೋಟದ ಅಂಚಿನಲ್ಲಿ, ಗಾಡಿ ತಂದು ನಿಲ್ಲಿಸಿ ಇರುವವರಿಗೆಂದು ಒಬ್ಬ ಬಯಲು ಬಿಟ್ಟುಕೊಡುತ್ತಾನೆ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ನಂಬರು ಸಿಕ್ಕಿತು. ಎತ್ತಿಕೊಂಡವನು ಅಲ್ಲಿ ಕಾವಲಿದ್ದು ಎಲ್ಲ ನೋಡಿಕೊಳ್ಳುವ ಮನುಷ್ಯ, ನಿಧಾನದ ಮಾತು. ಮೊದಲ ಸಲ ನೀರಿನ ವಿಷಯ ಕೇಳಿದೆ. ಮರುದಿನ, ಮಳೆ ಬಿದ್ದರೆ ನೆಲ ಚಕ್ರ ಹಿಡಿಯುತ್ತದೆಯೇ ಎಂದು ಕೇಳಿದೆ. ಆಮೇಲೆ ನಾಯಿಗಳ ಬಗ್ಗೆ. ಹತ್ತಿರದ ಆಸ್ಪತ್ರೆಯಲ್ಲಿ ಹಾವು ಕಡಿದರೆ ಕೊಡುವ ಇಂಜೆಕ್ಷನ್ ಇದೆಯೇ ಎಂದು. ಬಯಲಿನಿಂದ ಪಾಯಿಖಾನೆಗೆ ಹೋಗುವ ದಾರಿಯಲ್ಲಿ ದೀಪವಿದೆಯೇ ಎಂದು. ದೀಪ ಇರಲಿಲ್ಲ. “ಹಾಕಿಸುತ್ತೇನೆ ಸಾರ್” ಎಂದ. ಕೆಲವು ವಾರಗಳಲ್ಲಿ ಅವನು ನನ್ನ ಹೆಸರು ಕೇಳುವುದನ್ನೇ ಬಿಟ್ಟು, ಫೋನೆತ್ತಿದ ತಕ್ಷಣ “ಚೆಪ್ಪಂಡಿ ಸಾರ್, ಈ ರೋಜು ಏಂಟಿ?” ಅನ್ನತೊಡಗಿದ. ಇವತ್ತು ಏನು ಅನುಮಾನ ಅಂತ.

ಇಷ್ಟೆಲ್ಲ ಆದರೂ ಹೊರಡುವ ದಿನ ಮಾತ್ರ ಕೂಡಿಬರಲಿಲ್ಲ. ದಸರೆಗೆ ಹೋಗೋಣ ಎಂದ. ದಸರೆಗೆ ಘಾಟಿಯ ತುಂಬ ಬಸ್ಸು ಎಂದೆ. ದೀಪಾವಳಿ ಆಗಲಿ ಎಂದ. ಆಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುವ ಕಾಲ, ಒಂದು ಮುಗಿಯುವುದರೊಳಗೆ ಇನ್ನೊಂದು ಎದ್ದಿರುತ್ತದೆ ಎಂದೆ. ಎದ್ದಿತ್ತು ಕೂಡ. ಅದು ಒಡಿಶಾ ಕಡೆ ತಿರುಗಿ ಹೋಯಿತು, ಆ ಮಾತು ಬೇರೆ. ಪ್ರತಿ ಸಲವೂ ಅವನು “ಆತು” ಎಂದ. ನನ್ನ ಮಾತಿಗೆ ತೂಕವಿದೆ ಎಂದು ನಾನು ತಿಳಿದೆ.

ನವೆಂಬರಿನ ಎರಡನೆಯ ಶನಿವಾರ ಗಾಡಿ ಪೂರ್ತಿ ಆಯಿತು, ಕೊನೆಗೊಮ್ಮೆ ನೋಡಿ ಹೋಗು ಎಂದು ಕರೆದ. ಹೊರಡುವಾಗ ನನ್ನ ಹೆಂಡತಿ ಒಂದು ಕೈಚೀಲ ಕೊಟ್ಟಳು. ಒಳಗೆ ಖಡಕ್ ರೊಟ್ಟಿಯ ಕಟ್ಟು, ಒಂದು ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ.

“ಆಕೀಗೆ ಕೊಡ್ರಿ. ರೊಟ್ಟಿ ಮುರದಾವು, ಮ್ಯಾಲೆ ಇಡಬ್ಯಾಡ್ರಿ, ತೊಡಿ ಮ್ಯಾಲೆ ಇಟ್ಕೋರಿ.”

ನಾನು ಇಡೀ ದಾರಿ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅನಕಾಪಲ್ಲಿಯಲ್ಲಿ ಹತ್ತಿದ ಒಬ್ಬರು ಅದರ ಮೇಲೆ ಮೊಣಕೈ ಊರಿದಾಗ ಅವರ ಹತ್ತಿರ ಜಗಳ ಕೂಡ ಆಡಿದೆ. ಒಂದು ರೊಟ್ಟಿಯೂ ಮುರಿಯದಂತೆ ವಿಜಯವಾಡ ತಲುಪಿಸಿದೆ.

ಅವತ್ತು ಗೆಳೆಯ ವಿಪರೀತ ಒಳ್ಳೆಯವನಾಗಿದ್ದ. ಗಾಡಿಯ ಒಂದೊಂದೇ ಬಾಗಿಲು ತೆಗೆದು ತೋರಿಸಿದ. ಕಿಂಡಿ, ಜಾಳಿಗೆ, ಚಕ್ರದ ಹಿಂದೆ ಇಡುವ ಮರದ ದಿಮ್ಮಿ, ಬೆಂಕಿ ಆರಿಸುವ ಸಿಲಿಂಡರ್. “ಇನ್ನೇನರ ಐತೇನು? ನೆನಪು ಮಾಡ್ಕೊ, ಈಗ ಹೇಳು,” ಎಂದು ಎರಡು ಮೂರು ಸಲ ಕೇಳಿದ. ಘಾಟಿ ಇಳಿಯುವಾಗ ಬ್ರೇಕನ್ನೇ ತುಳಿದುಕೊಂಡು ಬರಬಾರದು, ಕೆಳಗಿನ ಗೇರಿನಲ್ಲಿ ಇಳಿಯಬೇಕು ಎಂದೆ. ಅದನ್ನು ಮತ್ತೆ ನನ್ನ ಬಾಯಿಂದ ಹೇಳಿಸಿ ಕೇಳಿಕೊಂಡ. ದಿನ ಯಾವಾಗ ಅಂದರೆ, “ಡಿಸೆಂಬರ್‌ನಾಗ ನೋಡೋಣು” ಎಂದ. ಯಾವತ್ತೂ ನಿಲ್ದಾಣದ ಹೊರಗೇ ಇಳಿಸಿ ಹೋಗುವವನು ಅವತ್ತು ಪ್ಲಾಟ್‌ಫಾರ್ಮಿನವರೆಗೂ ಬಂದ, ಚಹಾ ಕುಡಿಸಿದ, ರೈಲು ಹೊರಟಾಗ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದ. ನನಗೆ ಚಿಂತೆ ಹತ್ತಿತು. ಇವನಿಗೆ ಏನೋ ಕಾಯಿಲೆ ಗೊತ್ತಾಗಿದೆ, ನನ್ನಿಂದ ಮುಚ್ಚಿಡುತ್ತಿದ್ದಾನೆ ಎಂದುಕೊಂಡೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು, “ಏನೂ ಆಗಿರೂದಿಲ್ಲ, ಸುಮ್ನಿರ್ರಿ” ಎಂದಳು. ಎಷ್ಟು ಖಂಡಿತವಾಗಿ ಹೇಳಿದಳೆಂದರೆ ನನಗೂ ಸಮಾಧಾನವಾಯಿತು.

ಅದಾದ ಮುಂದಿನ ವಾರ, ಕಚೇರಿಯಲ್ಲಿ ಊಟದ ಬಿಡುವು ಮುಗಿಯುವ ಹೊತ್ತು. ಡಿಸೆಂಬರಿನ ಮಂಜು ಬೆಳಿಗ್ಗೆ ಎಷ್ಟು ಗಂಟೆಗೆ ಬಿಡುತ್ತದೆ ಎಂದು ಕೇಳಬೇಕಿತ್ತು. ಕಾವಲಿನವನಿಗೆ ಫೋನು ಮಾಡಿದೆ.

“ಸಾರ್, ನಾನೇ ಮಾಡೋಣ ಅಂತಿದ್ದೆ,” ಎಂದ ಅವನು ತೆಲುಗಿನಲ್ಲಿ. “ಮೀ ವಾಳ್ಳು ವಚ್ಚೇಶಾರು. ನಿಮ್ಮವರು ಬಂದುಬಿಟ್ಟರು. ಬೆಳಿಗ್ಗೇನೇ.”

“ಯಾರು?”

“ಅದೇ ಸಾರ್, ಹಳದಿ ಗಾಡಿ. ಸಾರ್, ಮೇಡಂ, ಇಬ್ಬರು. ನೀವು ಹೇಳಿದ ಹಾಗೆ ಏರು ಕಡೆಯೇ ನಿಲ್ಲಿಸಿದ್ದೇನೆ, ಗಾಳಿ ಹೊಡೆಯುವುದಿಲ್ಲ. ದೀಪ ಹಾಕಿಸಿದ್ದೇನೆ. ಮೇಡಂ ಈಗ ಹೊರಗೆ ಕೂತು ಚಹಾ ಮಾಡುತ್ತಿದ್ದಾರೆ. ನೀವೇನೂ ಟೆನ್ಷನ್ ಮಾಡಿಕೊಳ್ಳಬೇಡಿ.”

ಅವನು ಮುಂದುವರಿಸಿದ. “ಎಷ್ಟೋ ಟ್ರಾವೆಲ್ಸ್‌ನವರು ಬರುತ್ತಾರೆ ಸಾರ್. ಬುಕ್ಕಿಂಗ್ ಮಾಡಿ ಬಿಟ್ಟುಬಿಡುತ್ತಾರೆ. ನಿಮ್ಮ ಹಾಗೆ ಪಾರ್ಟಿಯವರಿಗಾಗಿ ಇಷ್ಟು ಕೇಳುವವರನ್ನು ನಾನು ನೋಡಿಲ್ಲ.”

ಆಗ ನನಗೆ ತಿಳಿಯಿತು, ಇಷ್ಟು ತಿಂಗಳು ಅವನು ನನ್ನನ್ನು ಟ್ರಾವೆಲ್ ಏಜೆಂಟ್ ಅಂದುಕೊಂಡಿದ್ದ. ನಾನೇ ಬರುವವನು ಎಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

“ಫೋನ್ ಕೊಡಲಾ ಅವರಿಗೆ?” ಎಂದ.

“ಬೇಡ,” ಎಂದೆ. “ಆರಾಮಾಗಿ ಇದ್ದಾರೆ, ಇರಲಿ.” ಏಜೆಂಟರು ಹಾಗೇ ಹೇಳಬೇಕಲ್ಲ.

ಮೇಜಿನ ಮೇಲಿದ್ದ ಫೈಲನ್ನು ಬಹಳ ಹೊತ್ತು ನೋಡುತ್ತ ಕೂತೆ. ಏನೋ ಕಾರಣವಿದ್ದೀತು, ಸಂಜೆ ಫೋನು ಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ. ಮನೆಗೆ ಬಂದು ಹೇಳಿದೆ. ಹೆಂಡತಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. “ಗಾಡಿ ಹೆಂಗ ಓಡತೈತಿ ನೋಡಾಕ ಹೋಗಿರಬೇಕು ಬಿಡ್ರಿ” ಎಂದಳು, ತಲೆ ಎತ್ತದೆ. ಅವಳು ಆಶ್ಚರ್ಯಪಡಲಿಲ್ಲ ಎಂಬುದು ತಪಾಸಣೆ ವಿಭಾಗದವನಾದ ನನ್ನ ಗಮನಕ್ಕೆ ಬರಲಿಲ್ಲ.

ಮುಂದಿನ ಮೂರು ದಿನ ನನಗೆ ಬಂದ ಸಿಟ್ಟು ಪೂರ್ತಿ ಸಿಟ್ಟಾಗಲೂ ಇಲ್ಲ. ನನ್ನನ್ನು ಬಿಟ್ಟು ಹೋದ ಎಂದು ಹಲ್ಲು ಕಚ್ಚುತ್ತಿರುವಾಗಲೇ, ಕೆಳಗಿನ ಗೇರು ನೆನಪಿಟ್ಟುಕೊಂಡಿದ್ದಾನೋ ಇಲ್ಲವೋ ಅನ್ನಿಸುತ್ತಿತ್ತು. ತೆಲುಗು ಚಾನೆಲ್‌ಗಳಲ್ಲಿ ಘಾಟಿಯ ಸುದ್ದಿ ಬಂದರೆ ಎದ್ದು ಕೂರುತ್ತಿದ್ದೆ. ಹಳದಿ ಗಾಡಿಯ ಅಪಘಾತ ಆಗಿರಲಿಲ್ಲ. ಸಮಾಧಾನವಾಗುತ್ತಿತ್ತು, ಆಮೇಲೆ ಆ ಸಮಾಧಾನದ ಮೇಲೆಯೇ ಸಿಟ್ಟು ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಅವನ ಫೋನು. “ಲೇ, ನಿಮ್ಮೂರಾಗ ಅದೀವಿ. ಊಟಕ್ಕ ಬರತೀವಿ, ವೈನಿಗೆ ಹೇಳು.”

ವೈನಿಗೆ, ಅಂದರೆ ನನ್ನ ಹೆಂಡತಿಗೆ, ಮೊದಲೇ ಗೊತ್ತಿದ್ದಂತೆ ಎಣ್ಣೆಗಾಯಿಗೆ ಬದನೆಕಾಯಿ ಮನೆಯಲ್ಲಿತ್ತು.

ಗಾಡಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಬಂದು ನಿಂತಿತು. ಮೈತುಂಬ ಕೆಂಪು ಧೂಳು. ಮುಂದಿನ ಗಾಜಿನ ಕೆಳಗೆ ಕುಂಕುಮದ ಬೊಟ್ಟು, ಒಣಗಿದ ಚೆಂಡುಹೂವಿನ ಹಾರ.

“ಪೂಜಿ ಎಲ್ಲಿ ಮಾಡಿಸಿದಿ?” ಎಂದು ಕೇಳಿದೆ. ಮೊದಲು ಬಾಯಿಗೆ ಬಂದದ್ದು ಅದು.

“ಸಿಂಹಾಚಲಂದಾಗ, ಬೆಟ್ಟದ ಬುಡಕ್ಕ. ಹೋಗೂ ಮುಂದ,” ಎಂದ. ಹೇಳಿದ ಮೇಲೆ ಅವನಿಗೂ ಅರಿವಾಯಿತು. ನಮ್ಮ ತಾರಸಿಯ ಮೇಲೆ ನಿಂತರೆ ಆ ಬೆಟ್ಟದ ಬುಡ ಕಾಣುತ್ತದೆ. ನಾನು ಬೆಳಿಗ್ಗೆ ಅಲ್ಲೇ ವಾಕಿಂಗ್ ಮಾಡುವುದು. ಅವನು ಗಾಡಿಯ ಮಿರರ್ ಒರೆಸತೊಡಗಿದ.

ಊಟಕ್ಕೆ ಕೂತೆವು. ನಾನು ಏನೂ ಕೇಳುವ ಮೊದಲೇ ಅವನೇ ಶುರು ಮಾಡಿದ. “ಕಡ್ಡಾಯ ರಜಾ ಬಂತು ನೋಡು, ಒಮ್ಮಿಂದೊಮ್ಮೆಲೆ. ನಾಳಿಂದ ಬರಬ್ಯಾಡ ಅಂತ ಮೇಲಿನಿಂದ ಮೇಲ್ ಹಾಕಿದ್ರು. ಇನ್ನೇನ್ ಮಾಡೂದು, ಗಾಡಿ ತಗದೆ. ನಿನಗ ಹೇಳಾಕೂ ಟೈಮ್ ಇರಲಿಲ್ಲ.”

ಬ್ಯಾಂಕಿನವರಿಗೆ ಇದು ಅರ್ಥವಾಗುವ ಮಾತು. ಮ್ಯಾನೇಜರ್‌ಗಳನ್ನು ವರ್ಷಕ್ಕೊಮ್ಮೆ ಮುನ್ಸೂಚನೆ ಕೊಡದೆ ರಜೆಯ ಮೇಲೆ ಕಳಿಸುತ್ತಾರೆ. ಅವರು ಇಲ್ಲದಾಗ ಅವರ ಮೇಜಿನ ಕೆಲಸ ಬೇರೆಯವರು ನೋಡಿದರೆ ಮುಚ್ಚಿಟ್ಟದ್ದೇನಾದರೂ ಇದ್ದರೆ ಹೊರಬೀಳಲಿ ಅಂತ. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಪಾಪ, ಅವನೇನು ಮಾಡಬೇಕಿತ್ತು. ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. “ಸಾಕಲೇ” ಎಂದ. ಹಾಕಿದೆ. ನನ್ನ ಹೆಂಡತಿ ಅವನ ಹೆಂಡತಿಗೆ ಪಲ್ಯ ಬಡಿಸಿದಳು, ಅವಳು ತಟ್ಟೆಗೆ ಕೈ ಅಡ್ಡ ಹಿಡಿದಳು, ಇವಳು ಕೈ ಸರಿಸಿ ಬಡಿಸಿದಳು. ಅರಕಿನ ಮಾತು ಬಂತು. ಬಯಲಿನಲ್ಲಿ ಹುಚ್ಚೆಳ್ಳಿನ ಹೂವು ಹಳದಿಗೆ ಹಳದಿ ಹಾಸಿದಂತಿತ್ತಂತೆ, ಗಾಡಿ ಅದರೊಳಗೆ ಕಾಣದೇ ಹೋಗುತ್ತಿತ್ತಂತೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೋಡ ಒಳಗೆ ಬಂತಂತೆ. ನಾನು ಖುಷಿಯಿಂದಲೇ ಕೇಳುತ್ತಿದ್ದೆ.

ಊಟವಾಗಿ ಕೈ ತೊಳೆದ ಮೇಲೆ ಅವನ ಹೆಂಡತಿ ತನ್ನ ಚೀಲ ತೆರೆದು ಒಂದು ಸ್ಟೀಲಿನ ಡಬ್ಬಿ ತೆಗೆದು ನನ್ನ ಹೆಂಡತಿಯ ಕೈಗಿಟ್ಟಳು. “ನಿಮ್ಮ ಡಬ್ಬಿ ಅಕ್ಕಾರ. ಖಾಲಿ ಕೊಡಬಾರದಂತ ಅಲ್ಲಿಂದ ಕಾಫಿಪುಡಿ ತಂದೀನಿ. ಚಟ್ನಿಪುಡಿ ಭಾಳ ಚಲೋ ಆಗಿತ್ತು. ರೊಟ್ಟಿ ಚಟ್ನಿ ಇದ್ದುದ್ದಕ್ಕ ಮೂರು ದಿನ ಒಲಿ ಹಚ್ಚೂದ ತಪ್ಪಿತು, ನೀವು ಹೇಳಿದಂಗ.”

ನಮ್ಮ ಕಡೆ ಯಾರದ್ದೇ ಪಾತ್ರೆಯನ್ನು ಬರಿದು ಹಿಂತಿರುಗಿಸುವುದಿಲ್ಲ. ಸಕ್ಕರೆಯೋ, ನಾಲ್ಕು ಉಂಡೆಯೋ ಇಟ್ಟು ಕೊಡಬೇಕು. ಆ ಹೆಣ್ಣುಮಗಳು ರೀತಿಗೆ ತಪ್ಪಲಿಲ್ಲ. ಡಬ್ಬಿಯನ್ನು ಗಾಡಿಯಲ್ಲೇ ಬಿಟ್ಟಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ನಾನು ಡಬ್ಬಿಯನ್ನು ನೋಡಿದೆ. ನನ್ನ ತೊಡೆಯ ಮೇಲೆ ಕೂತು ವಿಜಯವಾಡಕ್ಕೆ ಹೋದ ಡಬ್ಬಿ. ಅದು ಹೋದದ್ದು ಎರಡನೆಯ ಶನಿವಾರ. ರಜೆ ಒಮ್ಮಿಂದೊಮ್ಮೆಲೆ ಬಂದದ್ದು ಅದರ ಮುಂದಿನ ವಾರ. ಹೆಂಡತಿಯ ಮುಖ ನೋಡಿದೆ. ಅವಳು ಡಬ್ಬಿಯ ಮುಚ್ಚಳ ತೆಗೆದು ಕಾಫಿಪುಡಿ ಮೂಸುತ್ತಿದ್ದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

“ನಿನಗ ಗೊತ್ತಿತ್ತು,” ಎಂದೆ.

“ಗೊತ್ತಿತ್ರಿ,” ಎಂದಳು.

ಗೆಳೆಯ ನಕ್ಕುಬಿಡಲು ನೋಡಿದ. “ಟ್ರಯಲ್‌ಗೆ ಹೋಗಿದ್ದೆವಲೇ. ನೀನೇ ಹೇಳತಿದ್ದೆಲ್ಲ, ಮೊದಲು ಟ್ರಯಲ್ ನೋಡಬೇಕು ಅಂತ.”

“ಕಡ್ಡಾಯ ರಜಾ?”

“ಅದು ಆಗಸ್ಟಿನಾಗ ಆಗೈತಿ,” ಎಂದ. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೂತ. “ನೋಡ್ಲೇ, ಸಿಟ್ಟಾಗಬ್ಯಾಡ. ನೀ ಕೂಡಿದ್ರ ನಾವು ಬೆಟ್ಟಕ್ಕ ಹೊಂಟೀವಿ ಅನಸೂದಿಲ್ಲ, ಅಪಘಾತಕ್ಕ ಹೊಂಟೀವಿ ಅನಸತೈತಿ. ಒಂದು ತಿರುವು ಬಂದ್ರ ನೀ ಅದರ ಮುಂದಿನ ತಿರುವಿಗೆ ಅಂಜಿರತೀ. ಇಷ್ಟು ವರ್ಷ ಕೇಳೀನಿ, ಇನ್ನೂ ಕೇಳತೀನಿ. ಆದ್ರ ಒಂದ ಸಲ, ಒಂದ ಸಲ ಸುಮ್ಮನ ಹೋಗಿಬರೋಣು ಅನಿಸ್ತು. ನೀ ಹೇಳಿದ್ದು ಒಂದೂ ಬಿಟ್ಟಿಲ್ಲ ಮತ್ತ. ಎಲ್ಲಾ ಹಂಗ ಮಾಡೀನಿ. ಕೆಳಗಿನ ಗೇರಿನಾಗ ಇಳದೀನಿ.”

“ಅಂದ್ರ ನನ್ನ ಚಿಂತಿ ಬೇಕು, ನಾ ಬ್ಯಾಡ.”

ನಾನು ನಿಜವಾಗಿಯೂ ಒಂದು ಉತ್ತರಕ್ಕೆ ಕಾದೆ. ಅವನ ಹೆಂಡತಿ ಅಡಿಕೆ ತಟ್ಟೆಯನ್ನು ನಮ್ಮಿಬ್ಬರ ನಡುವೆ ಇಟ್ಟಳು. ಅವನು ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಂಡು, ನುಂಗಿದ ಮೇಲೆ, “ಜನವರಿ ಕಡೀಗೆ ಮತ್ತ ಹೋಗೋಣು. ನಾಕೂ ಮಂದಿ. ಬರತೀಯಿಲ್ಲೋ?” ಎಂದ.

“ನನಗ ರಜಾ ಸಿಗೂದಿಲ್ಲ. ನೀವು ಹೋಗಿಬರ್ರಿ,” ಎಂದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಸಲ ಬೇಡ ಅನ್ನುವುದು ಬೇಡ ಅಂತ ಅಲ್ಲ. ಅದು ಎದುರಿನವನಿಗೆ ಕೊಡುವ ಜಾಗ. ಅವನು ಎರಡನೆಯ ಸಲ ಕೇಳಬೇಕು, ಮೂರನೆಯ ಸಲ ಕೈ ಹಿಡಿದು ಜಗ್ಗಬೇಕು, ಆಮೇಲೆ ಒಪ್ಪಬೇಕು. ಹಸಿದು ಬಂದವನೂ ನಮ್ಮ ಮನೆಗಳಲ್ಲಿ “ಈಗ ಉಂಡು ಬಂದೆ” ಎಂದೇ ಹೇಳುವುದು. ಹದಿನೈದು ನಿಮಿಷದ ಹಿಂದೆ ನಾನು ಅವನ ತಟ್ಟೆಗೆ ಅವನ ‘ಸಾಕು’ ದಾಟಿ ರೊಟ್ಟಿ ಹಾಕಿದ್ದೆ. ಇಷ್ಟು ವರ್ಷಗಳಲ್ಲಿ ಅವನು ನನ್ನ ಒಂದೇ ಒಂದು ‘ಬ್ಯಾಡ’ವನ್ನೂ ನಂಬಿದವನಲ್ಲ.

“ಆತು ಬಿಡು,” ಎಂದ.

ಅವನ ಹೆಗಲು ಒಂದಿಷ್ಟು ಕೆಳಗಿಳಿದದ್ದನ್ನು ನಾನು ನೋಡಿದೆ. ಘಾಟಿ ಇಳಿದು ಸಮತಟ್ಟು ರಸ್ತೆಗೆ ಬಂದವನ ಹೆಗಲು ಹಾಗೆ ಇಳಿಯುತ್ತದೆ.

ಆಗಲೇ ಅವನ ಹೆಂಡತಿ ನನ್ನ ಹೆಂಡತಿಯ ಕಡೆ ತಿರುಗಿ, “ಅಕ್ಕಾರ, ನೀವರ ಬರ್ರಿ” ಎಂದಳು.

“ನಾ ಎಲ್ಲಿ ಬರಲಿ, ಇವರನ್ನ ಬಿಟ್ಟು,” ಎಂದಳು ಇವಳು.

“ಮೂರು ದಿನ ಅಷ್ಟ ಅಲ್ರಿ. ಅಣ್ಣಾರಿಗೆ ಸಾರು ಮಾಡ್ಕೊಳಾಕ ಬರತೈತಿ.”

“ಇಲ್ಲವಾ, ನೀವು ಗಂಡ ಹೆಂಡತಿ ನಡುವ ನಾ ಯಾಕ.”

“ನೀವು ಬರಲಿಲ್ಲಂದ್ರ ನಾನೂ ಹೋಗೂದಿಲ್ಲ ನೋಡ್ರಿ,” ಎಂದು ಅವಳು ನನ್ನ ಹೆಂಡತಿಯ ಮುಂಗೈ ಹಿಡಿದುಕೊಂಡಳು. ಇವಳು ಒಮ್ಮೆ ನನ್ನ ಕಡೆ ನೋಡಿ, “ನೋಡೋಣ ತಗೊ” ಎಂದಳು. ನೋಡೋಣ ಎಂದರೆ ಬರುತ್ತೇನೆ ಎಂದರ್ಥ. ಅಲ್ಲಿದ್ದ ನಾಲ್ವರಿಗೂ ಅದು ಗೊತ್ತಿತ್ತು.

ಅವರು ಹೋದ ಮೇಲೆ ನಾನು ಹೆಂಡತಿಯನ್ನು ಬೈಯಲಿಲ್ಲ. ಯಾಕೆ ಮುಚ್ಚಿಟ್ಟೆ ಎಂದು ಮಾತ್ರ ಕೇಳಿದೆ. ಅವಳು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಲೇ ಹೇಳಿದಳು. “ಮಳಿಗಾಲದಿಂದ ನೀವು ದಿನಾ ಕುಂತಲ್ಲೇ ಅರಕಿಗೆ ಹೋಗಿ ಬಿದ್ದು ಬರಾಕತ್ತೀರಿ. ಅವರು ಒಮ್ಮೆ ಹೋಗಿ ನೆಟ್ಟಗ ಬಂದ್ರ ನಿಮಗೂ ಧೈರ್ಯ ಬಂದೀತು, ಆಮ್ಯಾಲ ನಾವೂ ಹೋಗಬಹುದು ಅನಕೊಂಡೆ. ಹೇಳಿದ್ರ ನೀವು ಅವರನ್ನೂ ಬಿಡತಿದ್ದಿಲ್ಲ.” ನಲ್ಲಿ ನಿಲ್ಲಿಸಿದಳು. “ನಾನೂ ಈ ಊರಿಗೆ ಬಂದು ಮೂರು ವರ್ಷ ಆತು. ಬಾಲ್ಕನಿಯಿಂದ ಬೆಟ್ಟ ನೋಡೀನಿ, ಅಷ್ಟ.”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅದರಿಂದ ನನಗೆ ಆದದ್ದು ಕಡಿಮೆಯಾಗಲೂ ಇಲ್ಲ. ಗೆಳೆಯನ ಫೋನು ಈಗಲೂ ಬರುತ್ತದೆ. ನಾನೂ ಎತ್ತುತ್ತೇನೆ. ಯಾರಿಗೆ ವರ್ಗವಾಯಿತು, ಯಾರಿಗೆ ಬಡ್ತಿ ತಪ್ಪಿತು ಎಂಬ ಮಾತುಗಳು ಆಗುತ್ತವೆ. ಗಾಡಿಯ ಎಣ್ಣೆ ಬದಲಿಸಬೇಕೇ ಎಂದು ಒಮ್ಮೆ ಕೇಳಿದ. ಮೇಸ್ತ್ರಿಯನ್ನು ಕೇಳು ಎಂದೆ.

ಜನವರಿಯ ಕೊನೆಯ ವಾರ ಹೆಂಡತಿ ಮಂಚದ ಮೇಲೆ ಬ್ಯಾಗು ತೆರೆದಿಟ್ಟುಕೊಂಡು ಬಟ್ಟೆ ಜೋಡಿಸುತ್ತಿದ್ದಳು. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಮರುದಿನ ಬೆಳಿಗ್ಗೆ ಗಾಡಿ ಬರುವುದಿತ್ತು.

“ಅಲ್ಲಿ ಸ್ವೆಟರ್ ಬೇಕಾಗತೈತೇನ್ರಿ?” ಎಂದು ಕೇಳಿದಳು.

ನಾನು ಕಾಣದ ಆ ಬಯಲಿನಲ್ಲಿ ಬೆಳಗಿನ ಜಾವ ಎಷ್ಟು ಚಳಿ ಇರುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಯಾವ ಚಪ್ಪಲಿ ಜಾರುತ್ತದೆ, ಆಸ್ಪತ್ರೆಗೆ ಯಾವ ತಿರುವಿನಲ್ಲಿ ಹೊರಳಬೇಕು, ಎಲ್ಲ ನನಗೆ ಗೊತ್ತಿತ್ತು.

“ಬೇಕು,” ಎಂದೆ.

ಅವಳು ಸ್ವೆಟರ್ ಮಡಚಿ ಕೈಯಲ್ಲಿ ಹಿಡಿದುಕೊಂಡು ನಿಂತಳು. ಉಳಿದದ್ದೂ ಬರುತ್ತದೆ ಎಂದು ಕಾಯುತ್ತಿದ್ದಳು. ನಾನು ಪೇಪರಿನ ಪುಟ ತಿರುಗಿಸಿದೆ.

“ಮತ್ತೇನೂ ಇಲ್ಲೇನ್ರಿ?” ಎಂದಳು.

“ಇಲ್ಲ,” ಎಂದೆ.